ಅಕ್ಕನ ಮನೆ ತಾರಸಿಯ ಇಂಗಾಲದ ಲೆಕ್ಕ

ನೆಲಮಂಗಲದ ಹತ್ತಿರ ನಮ್ಮಕ್ಕ ಮನೆ ಕಟ್ಟಿಸುತ್ತಿದ್ದಾಳೆ. ಕೆಳಗಿನ ಮನೆಗೆ ಮೋಲ್ಡ್ ಹಾಕಿದ ದಿನ ನಾವೆಲ್ಲ ಅಲ್ಲೇ ಇದ್ದೆವು. ಕಾಂಕ್ರೀಟ್ ತುಂಬಿಕೊಂಡ ಗಾಡಿ ಡ್ರಮ್ ತಿರುಗಿಸುತ್ತಾ, ಏರಿನಲ್ಲಿ ಕಪ್ಪು ಹೊಗೆ ಬಿಡುತ್ತಾ ಬಂತು. ಅಕ್ಕನ ಮಗಳು ಸೆಕೆಂಡ್ ಪಿಯುಸಿ ಓದುತ್ತಾಳೆ. ಮೂಗು ಮುಚ್ಚಿಕೊಂಡು ಕೇಳಿದಳು: "ಮಾಮ, ಇಷ್ಟು ಹೊಗೆ ಬಿಟ್ಕೊಂಡು ಕಾಂಕ್ರೀಟ್ ತರಿಸೋ ಬದಲು ಇಲ್ಲೇ ಕಲೆಸಿದ್ರೆ ಒಳ್ಳೇದಲ್ವಾ?"

ಒಳ್ಳೆಯ ಪ್ರಶ್ನೆ. ಬಾಯಲ್ಲಿ ಉತ್ತರ ಹೇಳುವುದಕ್ಕಿಂತ ಲೆಕ್ಕ ಹಾಕಿ ನೋಡೋಣ ಎಂದು ಇಬ್ಬರೂ ಎರಡು ಸಂಜೆ ಕೂತೆವು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು, ನಿಮ್ಮ ಮನೆಯ ತಾರಸಿಗೂ ಹೀಗೇ ಹಾಕಬಹುದು.

ರೀತಿ ತುಂಬಾ ಸರಳ, ದಿನಸಿ ಅಂಗಡಿಯ ಚೀಟಿಯಂತೆ. ಯಾವ ಸಾಮಾನು ಎಷ್ಟು ಕೆ.ಜಿ. ಹೋಯಿತು, ಆ ಸಾಮಾನಿಗೆ ಇಂಗಾಲದ ದರ ಎಷ್ಟು, ಎರಡನ್ನೂ ಗುಣಿಸಿ ಕೂಡಿಸಬೇಕು. ಇಂಗಾಲದ ದರ ಅಂದರೆ ಒಂದು ಕೆ.ಜಿ. ಸಾಮಾನು ತಯಾರಾಗುವಷ್ಟರಲ್ಲಿ ಎಷ್ಟು ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿತು ಅನ್ನುವುದು. ಇಡೀ ಲೇಖನದಲ್ಲಿ ಇಂಗಾಲ ಎಂದಾಗಲೆಲ್ಲ ನಾನು ಹೇಳುವುದು ಈ ಡೈಆಕ್ಸೈಡನ್ನೇ. ಬರೀ ಇಂಗಾಲದ ತೂಕವೇ ಬೇರೆ, ಡೈಆಕ್ಸೈಡಿನ ತೂಕವೇ ಬೇರೆ. 12 ಕೆ.ಜಿ. ಇಂಗಾಲ ಉರಿದರೆ 44 ಕೆ.ಜಿ. ಡೈಆಕ್ಸೈಡ್ ಆಗುತ್ತದೆ. ಎರಡನ್ನೂ ಬೆರೆಸಿಬಿಟ್ಟರೆ ಲೆಕ್ಕ ಮೂರೂವರೆ ಪಟ್ಟಿಗಿಂತ ಜಾಸ್ತಿ ತಪ್ಪುತ್ತದೆ.

ಶುರು ಮಾಡುವ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಎಲ್ಲಿಂದ ಎಲ್ಲಿಯವರೆಗೆ ಎಣಿಸುತ್ತೇವೆ? ಕಟ್ಟಡಗಳ ಇಂಗಾಲ ಲೆಕ್ಕ ಹಾಕುವವರು ಇದಕ್ಕೆ ಹಂತಗಳ ಹೆಸರಿಟ್ಟಿದ್ದಾರೆ. ಕಲ್ಲು ಅಗೆದು ಕಚ್ಚಾ ಸಾಮಾನು ಮಾಡುವುದು ಎ1, ಅದನ್ನು ಕಾಂಕ್ರೀಟ್ ಕಲೆಸುವ ಪ್ಲಾಂಟಿಗೆ ತರುವುದು ಎ2, ಪ್ಲಾಂಟಿನಲ್ಲಿ ಕಲೆಸುವುದು ಎ3, ಅಲ್ಲಿಂದ ಸೈಟಿಗೆ ತರುವುದು ಎ4. ನಾವು ಎಣಿಸಿದ್ದು ಈ ನಾಲ್ಕನ್ನು. ಅಂದರೆ ಗಣಿಯಿಂದ ಅಕ್ಕನ ಮನೆ ಗೇಟಿನವರೆಗೆ. ಯಾರಾದರೂ "ನಮ್ಮ ಕಾಂಕ್ರೀಟಿನ ಇಂಗಾಲ ಇಷ್ಟೇ" ಎಂದು ಒಂದು ಅಂಕಿ ಹೇಳಿದರೆ, ಎಲ್ಲಿಯವರೆಗಿನದು ಎಂದು ಮೊದಲು ಕೇಳಿ. ಎ3ಕ್ಕೇ ನಿಂತ ಅಂಕಿಯನ್ನು ಎ4ರವರೆಗಿನ ಅಂಕಿಯ ಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ.

ಈಗ ಅಳತೆ. ತಾರಸಿ 1000 ಚದರ ಅಡಿ, ದಪ್ಪ 5 ಇಂಚು. ಗುಣಿಸಿದರೆ ಸುಮಾರು 417 ಘನ ಅಡಿ, ಅಂದರೆ 11.8 ಘನ ಮೀಟರ್. ಬೀಮುಗಳು ಮತ್ತು ಸ್ವಲ್ಪ ನಷ್ಟ ಸೇರಿ 15 ಘನ ಮೀಟರ್ ತರಿಸಿದೆವು. ಗ್ರೇಡ್ ಎಂ25. ಇಲ್ಲಿ 25 ಅಂದರೆ 28 ದಿನದ ಹೊತ್ತಿಗೆ ಆ ಕಾಂಕ್ರೀಟ್ ಒಂದು ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಡೆಯಬೇಕು. ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 340 ಕೆ.ಜಿ. ಸಿಮೆಂಟು, 750 ಕೆ.ಜಿ. ಎಂ-ಸ್ಯಾಂಡ್ (ಬಂಡೆ ಪುಡಿ ಮಾಡಿದ ಮರಳು), 1150 ಕೆ.ಜಿ. ಜಲ್ಲಿ, 170 ಲೀಟರ್ ನೀರು, ಜೊತೆಗೆ ಕಾಂಕ್ರೀಟ್ ಸಲೀಸಾಗಿ ಹರಿಯಲೆಂದು ಬೆರೆಸುವ ರಾಸಾಯನಿಕ, ಅಂದರೆ ಎರಡು ಮೂರು ಕೆ.ಜಿ. ಅಡ್‌ಮಿಕ್ಸ್ಚರ್ ಎಂದು ಹಿಡಿದೆವು. ಕೂಡಿಸಿದರೆ ಸುಮಾರು 2400 ಕೆ.ಜಿ. ಅದರಲ್ಲಿ ಸಿಮೆಂಟು ಏಳನೇ ಒಂದು ಪಾಲು. ಈ ಮಾತು ನೆನಪಿರಲಿ.

ಸಿಮೆಂಟಿನ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಕಥೆ ಇರುವುದೇ ಅಲ್ಲಿ.

ಹಳೇ ಮನೆಗಳ ನೆಲಕ್ಕೆ ಹಾಸುತ್ತಿದ್ದ ಶಹಾಬಾದ್ ಕಲ್ಲು ಗೊತ್ತಲ್ವಾ? ಉತ್ತರ ಕರ್ನಾಟಕದಲ್ಲಿ ಫರಸಿ ಅನ್ನುತ್ತಾರೆ. ಅದು ಸುಣ್ಣದಕಲ್ಲು. ಕಲಬುರಗಿ ಸೀಮೆಯಲ್ಲಿ ನೆಲದಡಿ ಈ ಕಲ್ಲು ಪದರ ಪದರವಾಗಿ ಹಾಸಿಕೊಂಡಿದೆ. ಅದಕ್ಕೇ ವಾಡಿ, ಶಹಾಬಾದ್, ಸೇಡಂ, ಮಳಖೇಡದ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದಿವೆ. ರಾಷ್ಟ್ರಕೂಟರು ರಾಜಧಾನಿ ಮಾಡಿಕೊಂಡಿದ್ದ ಮಾನ್ಯಖೇಟವೇ ಇವತ್ತಿನ ಮಳಖೇಡ. ಬೆಂಗಳೂರಿನ ಎಷ್ಟೋ ಮನೆಗಳ ತಾರಸಿ ಆ ನೆಲದಿಂದಲೇ ಎದ್ದು ಬಂದಿದೆ.

ಸುಣ್ಣದಕಲ್ಲನ್ನು ಸುಟ್ಟರೆ ಏನಾಗುತ್ತದೆ ಅನ್ನುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಎಲೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಎಲ್ಲ ಬರುತ್ತಿದ್ದದ್ದು ಸುಣ್ಣದ ಗೂಡಿನಿಂದ. ಗೂಡಿಗೆ ಹಾಕಿದ ಕಲ್ಲು ಹೊರಗೆ ಬರುವಾಗ ಹಗುರಾಗಿರುತ್ತಿತ್ತು. ಹೋದ ತೂಕ ಎಲ್ಲಿಗೆ ಹೋಯಿತು? ಗಾಳಿಗೆ. ಸುಣ್ಣದಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. 100 ಕೆ.ಜಿ. ಸುಟ್ಟರೆ 56 ಕೆ.ಜಿ. ಸುಣ್ಣ ಉಳಿಯುತ್ತದೆ, 44 ಕೆ.ಜಿ. ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಪಿಯುಸಿ ಹುಡುಗಿ ಇದನ್ನು ನನಗಿಂತ ಬೇಗ ಬರೆದಳು.

ಸಿಮೆಂಟ್ ಕಾರ್ಖಾನೆಯ ಗೂಡು ಇದೇ ಕೆಲಸವನ್ನು ದೊಡ್ಡದಾಗಿ ಮಾಡುತ್ತದೆ. ಸುಣ್ಣದಕಲ್ಲಿನ ಪುಡಿಗೆ ಸ್ವಲ್ಪ ಜೇಡಿ, ಕಬ್ಬಿಣದ ಅಂಶ ಸೇರಿಸಿ, ತಿರುಗುವ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆಚೆ ತುದಿಯಲ್ಲಿ ಗೋಲಿಯಂಥ ಕಪ್ಪು ಉಂಡೆಗಳು ಬರುತ್ತವೆ. ಅದರ ಹೆಸರು ಕ್ಲಿಂಕರ್. ಅದನ್ನು ಜಿಪ್ಸಮ್ ಜೊತೆ ಅರೆದರೆ ಸಿಮೆಂಟು. ಕ್ಲಿಂಕರಿನಲ್ಲಿ ಸುಣ್ಣದ ಪಾಲು ನೂರಕ್ಕೆ ಸುಮಾರು 65. ಹಾಗಾದರೆ ಒಂದು ಕೆ.ಜಿ. ಕ್ಲಿಂಕರಿಗೆ ಕಲ್ಲಿನಿಂದಲೇ ಹೊರಟ ಇಂಗಾಲ ಎಷ್ಟು? 0.65ನ್ನು 44ರಿಂದ ಗುಣಿಸಿ 56ರಿಂದ ಭಾಗಿಸಿ. ಬರುವುದು 0.51 ಕೆ.ಜಿ.

ಈ 0.51ರ ಮುಂದೆ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಕಲ್ಲಿದ್ದಲು ಉರಿಸದೆ, ಇಡೀ ಕಾರ್ಖಾನೆಯನ್ನು ಸೂರ್ಯನ ಬೆಳಕಿನಲ್ಲೇ ನಡೆಸಿದರೂ ಈ ಅಂಕಿ ಒಂದಿಷ್ಟೂ ಇಳಿಯುವುದಿಲ್ಲ. ಇದು ಬೆಂಕಿಯ ಹೊಗೆಯಲ್ಲ, ಕಲ್ಲಿನೊಳಗೆ ಕೋಟ್ಯಂತರ ವರ್ಷದಿಂದ ಕಟ್ಟಿಹಾಕಿಕೊಂಡಿದ್ದ ಅನಿಲ. ಪ್ರಪಂಚದ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ 7ರಿಂದ 8 ಪಾಲು ಸಿಮೆಂಟಿನದೇ ಆಗಿರುವುದಕ್ಕೆ ದೊಡ್ಡ ಕಾರಣ ಇದು.

ಇದರ ಮೇಲೆ ಗೂಡಿನ ಬೆಂಕಿ. ಒಂದು ಟನ್ ಕ್ಲಿಂಕರಿಗೆ ಒಳ್ಳೆಯ ಕಾರ್ಖಾನೆಯಲ್ಲಿ ಸುಮಾರು 3.1 ಗಿಗಾಜೂಲ್ ಶಾಖ ಬೇಕು. ಕಲ್ಲಿದ್ದಲು ಉರಿಸಿದರೆ ಒಂದು ಗಿಗಾಜೂಲಿಗೆ ಸುಮಾರು 95 ಕೆ.ಜಿ. ಇಂಗಾಲ. ಗುಣಿಸಿದರೆ ಟನ್ನಿಗೆ 295 ಕೆ.ಜಿ., ಅಂದರೆ ಕೆ.ಜಿ.ಗೆ 0.29. ಆಮೇಲೆ ಕರೆಂಟು. ಕಲ್ಲು ಅರೆಯಲು, ಗೂಡು ತಿರುಗಿಸಲು, ಕ್ಲಿಂಕರ್ ಪುಡಿ ಮಾಡಲು ಟನ್ ಸಿಮೆಂಟಿಗೆ 80 ಯೂನಿಟ್ ಹಿಡಿಯೋಣ. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಅಂಕಿಯನ್ನು ಕಾಲಕಾಲಕ್ಕೆ ಪ್ರಕಟಿಸುತ್ತದೆ. 80ನ್ನು 0.7ರಿಂದ ಗುಣಿಸಿದರೆ ಟನ್ನಿಗೆ 56 ಕೆ.ಜಿ., ಕೆ.ಜಿ.ಗೆ 0.06.

ಓಪಿಸಿ, ಅಂದರೆ ಬೂದಿ, ಕಿಟ್ಟ ಬೆರೆಸದ ಸಾದಾ ಸಿಮೆಂಟಿನಲ್ಲಿ ನೂರಕ್ಕೆ 95ರಷ್ಟು ಕ್ಲಿಂಕರ್ ಎಂದಿಟ್ಟುಕೊಳ್ಳಿ. ಕಲ್ಲಿನದು 0.48, ಬೆಂಕಿಯದು 0.28, ಕರೆಂಟಿನದು 0.06. ಒಟ್ಟು 0.82. ಸುಲಭವಾಗಿ ಹೇಳುವುದಾದರೆ 50 ಕೆ.ಜಿ.ಯ ಒಂದು ಮೂಟೆ ಸಿಮೆಂಟಿನ ಹಿಂದೆ 41 ಕೆ.ಜಿ. ಇಂಗಾಲ ಇದೆ. ಹೆಗಲ ಮೇಲೆ ಮೂಟೆ ಹೊತ್ತವರಿಗೆ ಇದು ಎಷ್ಟು ತೂಕ ಎಂದು ಗೊತ್ತಾಗುತ್ತದೆ.

ನಮ್ಮ ಒಂದು ಘನ ಮೀಟರಿಗೆ 340 ಕೆ.ಜಿ. ಸಿಮೆಂಟು. ಅದರ ಇಂಗಾಲ 279 ಕೆ.ಜಿ.

ಜಲ್ಲಿ ಮತ್ತು ಎಂ-ಸ್ಯಾಂಡಿನದು ಬೇಗ ಮುಗಿಯುತ್ತದೆ. ಬಂಡೆ ಸಿಡಿಸುವುದು, ಕ್ರಷರಿಗೆ ಹಾಕುವುದು, ಜರಡಿ ಹಿಡಿಯುವುದು, ಅಷ್ಟೇ. ಯಾವುದನ್ನೂ ಸುಡುವುದಿಲ್ಲ. ಟನ್ನಿಗೆ 7 ಕೆ.ಜಿ. ಎಂದು ಹಿಡಿದರೆ 1900 ಕೆ.ಜಿ.ಗೆ 13 ಕೆ.ಜಿ. ಆಯಿತು. ತೂಕದಲ್ಲಿ ಕಾಂಕ್ರೀಟಿನ ಮುಕ್ಕಾಲಕ್ಕಿಂತ ಜಾಸ್ತಿ ಪಾಲು ಇವುಗಳದೇ, ಇಂಗಾಲದಲ್ಲಿ ಮಾತ್ರ ಚೂರೇ ಚೂರು. ಅಡ್‌ಮಿಕ್ಸ್ಚರಿಗೆ 4 ಕೆ.ಜಿ., ಪ್ಲಾಂಟಿನಲ್ಲಿ ಕಲೆಸುವ ಕರೆಂಟಿಗೆ 3 ಕೆ.ಜಿ. ಇಟ್ಟೆವು. ನೀರಿನದು ಎಣಿಸುವಷ್ಟಿಲ್ಲ.

ಈಗ ಅಕ್ಕನ ಮಗಳು ಕಾಯುತ್ತಿದ್ದ ಭಾಗ, ಸಾಗಾಟ. ಒಂದು ಲೀಟರ್ ಡೀಸೆಲ್ ಉರಿದರೆ 2.68 ಕೆ.ಜಿ. ಇಂಗಾಲ. ಲೀಟರ್ ಡೀಸೆಲ್ಲೇ ಒಂದು ಕೆ.ಜಿ. ತೂಗುವುದಿಲ್ಲ, ಅದರಿಂದ ಇಷ್ಟು ಹೇಗೆ ಬಂತು ಎಂದು ಅವಳಿಗೆ ಅನುಮಾನ. ಡೀಸೆಲ್ಲಿನ ಇಂಗಾಲ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದಲ್ಲ, ಆ ತೂಕವೂ ಇದರಲ್ಲಿ ಬಂತು. ಆದ್ದರಿಂದ ಸಾಗಾಟದ ಲೆಕ್ಕಕ್ಕೆ ಬೇಕಾದದ್ದು ಇಷ್ಟೇ: ಎಷ್ಟು ದೂರ, ಲೀಟರಿಗೆ ಎಷ್ಟು ಓಡುತ್ತದೆ, ಎಷ್ಟು ಹೊತ್ತಿದೆ, ವಾಪಸ್ ಖಾಲಿ ಹೋಗುತ್ತದಾ. ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಡ್ರೈವರಣ್ಣನನ್ನು ಕೇಳಿದರೆ ನಾಲ್ಕಕ್ಕೂ ಉತ್ತರ ಸಿಗುತ್ತದೆ. ಯಾವ ಪುಸ್ತಕದ ಅಂಕಿಗಿಂತಲೂ ಅದು ನಿಜಕ್ಕೆ ಹತ್ತಿರ.

ಸಿಮೆಂಟು ಕಲಬುರಗಿ ಕಡೆಯಿಂದ ಲಾರಿಯಲ್ಲೇ ಬಂತು ಎಂದುಕೊಳ್ಳಿ. ದೂರ 600 ಕಿ.ಮೀ., ಹೊರೆ 25 ಟನ್. ತುಂಬಿದ ಲಾರಿ ಲೀಟರಿಗೆ 3 ಕಿ.ಮೀ. ಓಡಿದರೆ 200 ಲೀಟರ್. ಖಾಲಿ ವಾಪಸ್ಸಿಗೆ 4 ಕಿ.ಮೀ. ಹಿಡಿದರೆ 150 ಲೀಟರ್. ಒಟ್ಟು 350 ಲೀಟರ್ ಡೀಸೆಲ್, 938 ಕೆ.ಜಿ. ಇಂಗಾಲ. ಇದನ್ನು 25 ಟನ್ನಿಗೆ ಹಂಚಿದರೆ ಟನ್ನಿಗೆ 37.5 ಕೆ.ಜಿ. ನಮ್ಮ 340 ಕೆ.ಜಿ. ಸಿಮೆಂಟಿಗೆ 13 ಕೆ.ಜಿ. ಮಾತ್ರ! ಅರ್ಧ ರಾಜ್ಯ ದಾಟಿ ಬಂದದ್ದಕ್ಕೆ 13, ಗೂಡಿನಲ್ಲಿ ಸುಟ್ಟದ್ದಕ್ಕೆ 279. ರೈಲಿನಲ್ಲಿ ಬಂದಿದ್ದರೆ ಈ 13 ಇನ್ನೂ ಎಷ್ಟೋ ಇಳಿಯುತ್ತಿತ್ತು.

ಜಲ್ಲಿ, ಎಂ-ಸ್ಯಾಂಡ್ ಬಂದದ್ದು 40 ಕಿ.ಮೀ. ದೂರದ ಕ್ರಷರಿನಿಂದ, 20 ಟನ್ನಿನ ಟಿಪ್ಪರಿನಲ್ಲಿ. ಅದೇ ರೀತಿ ಲೆಕ್ಕ ಹಾಕಿದರೆ ಟನ್ನಿಗೆ 3.1 ಕೆ.ಜಿ., ಒಂದು ಘನ ಮೀಟರಿಗೆ 6 ಕೆ.ಜಿ. ಇಲ್ಲಿ ಒಂದು ವಿಷಯ ಗಮನಿಸಿ. 600 ಕಿ.ಮೀ. ಬಂದ ಸಿಮೆಂಟಿಗೆ 13, 40 ಕಿ.ಮೀ. ಬಂದ ಜಲ್ಲಿ-ಮರಳಿಗೆ 6. ಭಾರದ ಸಾಮಾನು ಹತ್ತಿರದಿಂದ ಬರಬೇಕು ಅನ್ನುವುದು ಇದಕ್ಕೇ. ಕ್ರಷರು 150 ಕಿ.ಮೀ. ಆಚೆ ಇದ್ದಿದ್ದರೆ ಜಲ್ಲಿಯ ಸಾಗಾಟವೇ ಸಿಮೆಂಟಿನ ಸಾಗಾಟವನ್ನು ಮೀರಿಸುತ್ತಿತ್ತು.

ಕೊನೆಗೆ ಆ ಹೊಗೆ ಬಿಟ್ಟ ಗಾಡಿ. ಪ್ಲಾಂಟು ನಮ್ಮ ಸೈಟಿಗೆ 15 ಕಿ.ಮೀ. ಹೋಗಿ ಬಂದರೆ 30. ಈ ಗಾಡಿಗೆ ಮೈಲೇಜು ಕಡಿಮೆ, ಯಾಕೆಂದರೆ ದಾರಿಯುದ್ದಕ್ಕೂ ಡ್ರಮ್ ತಿರುಗಿಸಬೇಕು. ಲೀಟರಿಗೆ 2.5 ಕಿ.ಮೀ. ಹಿಡಿದರೆ 12 ಲೀಟರ್. ಸೈಟಿನಲ್ಲಿ ಪಂಪಿಗೆ ಕಾಯುತ್ತಾ ಡ್ರಮ್ ತಿರುಗಿಸಿಕೊಂಡು ನಿಂತದ್ದಕ್ಕೆ 3 ಲೀಟರ್. ಒಂದು ಟ್ರಿಪ್ಪಿಗೆ 15 ಲೀಟರ್, ಅಂದರೆ 40 ಕೆ.ಜಿ. ಗಾಡಿಯಲ್ಲಿ 6 ಘನ ಮೀಟರ್ ಹಿಡಿಯುತ್ತದೆ. ನಮ್ಮದು 15 ಘನ ಮೀಟರ್. ಎರಡು ಗಾಡಿ ಪೂರ್ತಿ ತುಂಬಿ ಬಂದವು, ಮೂರನೆಯದು ಅರ್ಧ. ಅರ್ಧ ಗಾಡಿಯಾದರೂ ಡೀಸೆಲ್ ಅರ್ಧ ಆಗುವುದಿಲ್ಲ, ಹಾಗಾಗಿ ಅದಕ್ಕೂ 40 ಕೆ.ಜಿ.ಯನ್ನೇ ಇಟ್ಟೆವು. ಮೂರು ಟ್ರಿಪ್ಪಿಗೆ 120 ಕೆ.ಜಿ., ಘನ ಮೀಟರಿಗೆ 8.

ಕೂಡಿಸೋಣ. ಸಿಮೆಂಟು 279, ಜಲ್ಲಿ-ಮರಳು 13, ಅಡ್‌ಮಿಕ್ಸ್ಚರ್ 4, ಪ್ಲಾಂಟು 3, ಸಿಮೆಂಟ್ ಸಾಗಾಟ 13, ಜಲ್ಲಿ ಸಾಗಾಟ 6, ಕಾಂಕ್ರೀಟ್ ಗಾಡಿ 8. ಒಂದು ಘನ ಮೀಟರಿಗೆ ಒಟ್ಟು 326 ಕೆ.ಜಿ. ಇಡೀ ತಾರಸಿಗೆ 4,890 ಕೆ.ಜಿ., ಹತ್ತಿರ ಹತ್ತಿರ 5 ಟನ್. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರ್ ಇಷ್ಟು ಇಂಗಾಲ ಬಿಡಬೇಕಾದರೆ 95 ಸಾವಿರ ಕಿ.ಮೀ. ಓಡಬೇಕು. ದಿನಕ್ಕೆ 20 ಕಿ.ಮೀ. ಓಡಿಸಿದರೆ 13 ವರ್ಷ.

ತೂಕದಲ್ಲಿ ಏಳನೇ ಒಂದು ಪಾಲಿದ್ದ ಸಿಮೆಂಟು ಇಂಗಾಲದಲ್ಲಿ ನೂರಕ್ಕೆ 86. ಮೂರೂ ಬಗೆಯ ಸಾಗಾಟ ಸೇರಿ 27 ಕೆ.ಜಿ., ನೂರಕ್ಕೆ 8. ಒಂದು ಘನ ಮೀಟರಿಗೆ ಒಂದೇ ಒಂದು ಮೂಟೆ ಸಿಮೆಂಟು ಜಾಸ್ತಿ ಹಾಕಿದರೆ 41 ಕೆ.ಜಿ. ಏರುತ್ತದೆ. ಕಲಬುರಗಿಯಿಂದ ನೆಲಮಂಗಲದವರೆಗಿನ ಎಲ್ಲ ಗಾಡಿಗಳ ಎಲ್ಲ ಹೊಗೆಗಿಂತ ಆ ಒಂದು ಮೂಟೆಯದೇ ಜಾಸ್ತಿ. ಕಣ್ಣಿಗೆ ಕಾಣುವ ಹೊಗೆಯನ್ನು ನಾವು ದೂರುತ್ತೇವೆ. ಬಿಳಿ ಚೀಲದಲ್ಲಿ ಅಚ್ಚುಕಟ್ಟಾಗಿ ಹೊಲಿದು ಬಂದದ್ದರ ಮೇಲೆ ಅನುಮಾನವೇ ಬರುವುದಿಲ್ಲ.

ಈಗ ಅವಳ ಪ್ರಶ್ನೆಗೆ ಬರೋಣ. ಇಲ್ಲೇ ಕಲೆಸಿದ್ದರೆ? ಆ 8 ಕೆ.ಜಿ. ಉಳಿಯುತ್ತಿತ್ತು ನಿಜ. ಆದರೆ ಸೈಟಿನಲ್ಲಿ ಮೇಸ್ತ್ರಿಗಳು ಸಾಮಾನ್ಯವಾಗಿ ಕಲೆಸುವುದು ಒಂದಕ್ಕೆ ಒಂದೂವರೆ, ಮೂರು ಅನ್ನುವ ಪ್ರಮಾಣದಲ್ಲಿ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಬಾಂಡ್ಲಿಯಲ್ಲಿ ಅಳೆಯುತ್ತಾರೆ. ಇದರಲ್ಲಿ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 8 ಮೂಟೆ, ಅಂದರೆ 400 ಕೆ.ಜಿ. ಸಿಮೆಂಟು ಹೋಗುತ್ತದೆ. ಅದರ ಇಂಗಾಲ 328 ಕೆ.ಜಿ. ಅಷ್ಟು ಹಾಕಿಯೂ ಸಿಗುವುದು ಎಂ20, ನಮ್ಮದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. 8 ಕೆ.ಜಿ. ಉಳಿಸಲು ಹೋಗಿ 49 ಕೆ.ಜಿ. ಕಳೆದುಕೊಂಡಂತೆ. ಮೇಸ್ತ್ರಿಗಳ ತಪ್ಪು ಇದರಲ್ಲಿಲ್ಲ. ಅಳತೆ ಅಂದಾಜಿನದಾದರೆ ಯಾರೇ ಆದರೂ ಕೈ ಬಿಗಿ ಹಿಡಿಯುವುದಿಲ್ಲ, ಇನ್ನೊಂದು ಬಾಂಡ್ಲಿ ಸಿಮೆಂಟು ಇರಲಿ ಅನ್ನುತ್ತಾರೆ. ತಾರಸಿ ಬಿದ್ದರೆ ಹೊಣೆ ಅವರದಲ್ವಾ.

ಇದೇ ಮಾತು ಪ್ಲಾಂಟಿಗೂ ಅನ್ವಯಿಸುತ್ತದೆ. ಎಂ25 ಎಂದರೆ ಪ್ಲಾಂಟಿನವರು 25ಕ್ಕೇ ಗುರಿ ಇಡುವುದಿಲ್ಲ. ದಿನದಿಂದ ದಿನಕ್ಕೆ ಕಾಂಕ್ರೀಟಿನ ಗಟ್ಟಿತನ ಸ್ವಲ್ಪ ಏರಿಳಿಯುತ್ತದೆ. ಆ ಏರಿಳಿತವನ್ನು 1.65ರಿಂದ ಗುಣಿಸಿ ಮೇಲೆ ಸೇರಿಸಿಕೊಳ್ಳುವುದು ನಮ್ಮ ಭಾರತೀಯ ಮಾನಕದ ಪದ್ಧತಿ. ಏರಿಳಿತ 4 ಇದ್ದರೆ ಗುರಿ 31.6. ಮರಳಿನ ತೇವ ಸರಿಯಾಗಿ ಅಳೆದು, ತೂಕದ ಯಂತ್ರ ಸರಿ ಇಟ್ಟು ಏರಿಳಿತವನ್ನು ಇಳಿಸಿದರೆ ಗುರಿಯೂ ಇಳಿಯುತ್ತದೆ. ಅಷ್ಟು ಸಿಮೆಂಟು ಉಳಿಯುತ್ತದೆ. ಶಿಸ್ತಿನ ಕೆಲಸವೂ ಇಂಗಾಲ ಉಳಿಸುವ ಕೆಲಸವೇ. ಗಾಡಿ ತಡವಾಗಿ ಬಂದು ಕಾಂಕ್ರೀಟ್ ಬಿಗಿಯಾಯಿತೆಂದು ಸೈಟಿನಲ್ಲಿ ಪೈಪು ಹಿಡಿದು ನೀರು ಬಿಡುವುದನ್ನು ನೋಡಿದ್ದೀರಾ? ಹಾಗೆ ಮಾಡಿದರೆ ಅಷ್ಟೂ ಸಿಮೆಂಟಿನ ಬಲ ನೀರುಪಾಲು. ದಯವಿಟ್ಟು ಬಿಡಬೇಡಿ.

ಇಲ್ಲಿಯವರೆಗೆ ಓಪಿಸಿ ಲೆಕ್ಕ ಹಾಕಿದ್ದೇವೆ. ಕ್ಲಿಂಕರಿನ ಬದಲು ಬೇರೆ ಏನಾದರೂ ಹಾಕಬಹುದೇ? ಹಾಕಬಹುದು, ಹಾಕುತ್ತಲೂ ಇದ್ದಾರೆ. ಮನೆ ಕಟ್ಟುವವರು ಅಂಗಡಿಯಲ್ಲಿ ಕೊಳ್ಳುವ ಪಿಪಿಸಿ ಸಿಮೆಂಟಿನಲ್ಲಿ ನೂರಕ್ಕೆ 15ರಿಂದ 35ರವರೆಗೆ ಹಾರುಬೂದಿ ಇರಬಹುದು. ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ಸಿಗುವ ಬೂದಿ ಅದು. ಕ್ಲಿಂಕರ್ ನೂರಕ್ಕೆ 65ಕ್ಕೆ ಇಳಿದರೆ ಸಿಮೆಂಟಿನ ದರ 0.82ರಿಂದ 0.58ಕ್ಕೆ ಬರುತ್ತದೆ. ಮೂಟೆಗೆ 41 ಇದ್ದದ್ದು 29 ಕೆ.ಜಿ. ಆಯಿತು.

ಇನ್ನೊಂದು ಕಬ್ಬಿಣದ ಕಿಟ್ಟ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳಲ್ಲಿ ಅದಿರು ಕರಗಿಸುವಾಗ ಮೇಲೆ ತೇಲುವ ಕಿಟ್ಟವನ್ನು ನೀರಿಗೆ ಬಿಟ್ಟು ತಟ್ಟನೆ ತಣಿಸಿ, ಒಣಗಿಸಿ ಅರೆಯುತ್ತಾರೆ. ಪ್ಲಾಂಟಿನವರು ಇದನ್ನು ಜಿಜಿಬಿಎಸ್ ಅನ್ನುತ್ತಾರೆ. ನಮ್ಮ 340 ಕೆ.ಜಿ.ಯಲ್ಲಿ ನೂರಕ್ಕೆ 40ರಷ್ಟನ್ನು ಕಿಟ್ಟಕ್ಕೆ ಬದಲಿಸಿದರೆ ಓಪಿಸಿ 204, ಕಿಟ್ಟ 136 ಕೆ.ಜಿ. ಅರೆಯುವುದಕ್ಕೆ ಕೆ.ಜಿ.ಗೆ 0.06 ಹಿಡಿದರೆ ಎರಡೂ ಸೇರಿ 175 ಕೆ.ಜಿ. 279ರಿಂದ 175ಕ್ಕೆ! ಇಡೀ ತಾರಸಿಗೆ 1,560 ಕೆ.ಜಿ. ಉಳಿತಾಯ. ಅಂದು ಬಂದ ಮೂರೂ ಗಾಡಿಗಳ ಹೊಗೆಯ 13 ಪಟ್ಟು.

ಆದರೆ ಇದಕ್ಕೆ ಒಂದು ಷರತ್ತಿದೆ. ಬೂದಿ, ಕಿಟ್ಟ ಹಾಕಿದ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಓಪಿಸಿಗೆ ಕನಿಷ್ಠ 7 ದಿನ ನೀರು ಹೊಡೆದರೆ ಇದಕ್ಕೆ ಕನಿಷ್ಠ 10 ದಿನ ಹೊಡೆಯಬೇಕು. ಸೆಂಟ್ರಿಂಗ್ ಬಿಚ್ಚುವುದನ್ನೂ ಎಂಜಿನಿಯರ್ ಕೇಳಿಯೇ ಮಾಡಬೇಕು. ಆತುರದವರಿಗೆ ಇದು ಹೊಂದುವುದಿಲ್ಲ. ಸರಿಯಾಗಿ ನೀರು ಉಣಿಸಿದರೆ ತಿಂಗಳುಗಳು ಕಳೆದಂತೆ ಬಲ ಏರುತ್ತಲೇ ಹೋಗುತ್ತದೆ, ನೀರು ಒಳಗಿಳಿಯುವುದೂ ಕಡಿಮೆ.

ಲೆಕ್ಕದ ಮಟ್ಟಿಗೆ ಇಲ್ಲೊಂದು ತಕರಾರೂ ಇದೆ. ಕಿಟ್ಟಕ್ಕೆ 0.06 ಮಾತ್ರ ಹಾಕಿದ್ದು ಸರಿಯೇ? ಅದು ಹುಟ್ಟಿದ ಕುಲುಮೆ ರಾಶಿ ರಾಶಿ ಇಂಗಾಲ ಬಿಟ್ಟಿದೆ. ಅದನ್ನೆಲ್ಲ ಉಕ್ಕಿನ ಲೆಕ್ಕಕ್ಕೆ ಬರೆದು ಕಿಟ್ಟವನ್ನು ಕಸ ಎಂದು ನೋಡಿದರೆ ಹೀಗೆ ಸಣ್ಣ ಅಂಕಿ ಬರುತ್ತದೆ. ಆದರೆ ಕಿಟ್ಟವನ್ನು ಈಗ ದುಡ್ಡಿಗೆ ಮಾರುತ್ತಾರೆ, ಕಸ ಅನ್ನುವುದು ಹೇಗೆ? ಒಂದು ಪಾಲು ಅದಕ್ಕೂ ಹಂಚಬೇಕು ಎನ್ನುವವರಿದ್ದಾರೆ. ಹಂಚಿದರೆ ಅಂಕಿ ಏರುತ್ತದೆ. ನನಗೆ ಎರಡನೇ ವಾದದಲ್ಲಿ ನ್ಯಾಯ ಕಾಣುತ್ತದೆ. ಯಾವುದನ್ನು ಆರಿಸಿದರೂ ಅದನ್ನು ಲೆಕ್ಕದ ಕೆಳಗೆ ಬರೆದಿಡಬೇಕು. ಇನ್ನೊಂದು ಮಾತೂ ಇದೆ: ಕಿಟ್ಟ ಸಿಗುವುದು ಉಕ್ಕು ತಯಾರಾದಷ್ಟೇ. ಎಲ್ಲರ ತಾರಸಿಗೂ ಅದು ಸಾಲುವುದಿಲ್ಲ. ಅದಕ್ಕಾಗಿಯೇ ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲಿನ ಪುಡಿಯನ್ನು ಸೇರಿಸಿ, ಕ್ಲಿಂಕರನ್ನು ಅರ್ಧಕ್ಕೆ ಇಳಿಸುವ ಎಲ್‌ಸಿ3 ಎಂಬ ಸಿಮೆಂಟಿನ ಬಗ್ಗೆ ನನಗೆ ತುಂಬಾ ಆಸೆಯಿದೆ. ಜೇಡಿ, ಸುಣ್ಣದಕಲ್ಲು ಎರಡೂ ಧಾರಾಳವಾಗಿ ಸಿಗುವ ವಸ್ತುಗಳು. ಈ ಬಗೆಯ ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ.

ಲೆಕ್ಕ ಎಲ್ಲಿ ಎಡವುತ್ತದೆ ಎಂದು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಮ್ಮ 326 ಒಂದು ಅಂದಾಜು. ಜಲ್ಲಿಯ ದರದಲ್ಲಿ ಇಮ್ಮಡಿ ತಪ್ಪಿದ್ದರೂ ಒಟ್ಟು ಮೊತ್ತ 13 ಮಾತ್ರ ಏರುತ್ತದೆ. ಸಿಮೆಂಟಿನ ದರದಲ್ಲಿ ನೂರಕ್ಕೆ 10 ತಪ್ಪಿದರೆ ಸಾಕು, 28 ಕೆ.ಜಿ. ಆಚೀಚೆ ಆಗುತ್ತದೆ. ಆದ್ದರಿಂದ ಹುಡುಕಾಟದ ಶ್ರಮವನ್ನೆಲ್ಲ ಸಿಮೆಂಟಿನ ಮೇಲೆ ಹಾಕಬೇಕು. ಕೆಲವು ಕಂಪನಿಗಳು ತಮ್ಮ ಸಿಮೆಂಟಿಗೆ, ಕಾಂಕ್ರೀಟಿಗೆ ಇಪಿಡಿ ಎಂಬ ಪತ್ರ ಮಾಡಿಸಿರುತ್ತವೆ. ಹೊರಗಿನವರು ಪರಿಶೀಲಿಸಿದ ಇಂಗಾಲದ ಅಂಕಿ ಅದರಲ್ಲಿರುತ್ತದೆ. ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ನಾವು ಮಾಡಿದಂತೆ ಕಲ್ಲು, ಬೆಂಕಿ, ಕರೆಂಟು ಎಂದು ಬಿಡಿಸಿ ಹಾಕಿ. ಇಂಗ್ಲೆಂಡಿನ ಪಟ್ಟಿಯಿಂದ ಅಂಕಿ ತಂದು ಹಾಕುವುದು ಸುಲಭ, ಆದರೆ ಅಲ್ಲಿನ ಕರೆಂಟು ಬೇರೆ, ನಮ್ಮದು ಬೇರೆ. ನಮ್ಮಲ್ಲೂ ಈ ಕೆಲಸ ಹಿಂದೆಯೇ ಶುರುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ ಅವರು ಇಲ್ಲಿನ ಇಟ್ಟಿಗೆ, ಮಣ್ಣಿನ ಬ್ಲಾಕ್, ಸಿಮೆಂಟು, ತಾರಸಿಗಳಿಗೆ ಎಷ್ಟು ಶಕ್ತಿ ವ್ಯಯವಾಗುತ್ತದೆ ಎಂದು 2003ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿದ್ದರು.

ಎರಡು ಸಲ ಎಣಿಸುವ ತಪ್ಪೂ ಆಗುತ್ತದೆ. ಪಿಪಿಸಿ ಕೊಂಡು, ಅದರಲ್ಲಿ ಆಗಲೇ ಇರುವ ಬೂದಿಯ ಉಳಿತಾಯವನ್ನು ಇನ್ನೊಮ್ಮೆ ಕಳೆಯುವವರಿದ್ದಾರೆ. ಇನ್ನು ಕಬ್ಬಿಣ. ನಮ್ಮ 5 ಟನ್ ಬರೀ ಕಾಂಕ್ರೀಟಿನದು. ತಾರಸಿಯೊಳಗಿನ ಕಂಬಿ ಬೇರೆ. ಘನ ಮೀಟರಿಗೆ 80 ಕೆ.ಜಿ. ಕಂಬಿ ಹಿಡಿದರೆ 1200 ಕೆ.ಜಿ. ಆಯಿತು. ನಮ್ಮ ದೇಶದ ಉಕ್ಕಿಗೆ ಕೆ.ಜಿ.ಗೆ ಸುಮಾರು 2.5 ಕೆ.ಜಿ. ಇಂಗಾಲ. ಅಲ್ಲಿಗೆ ಇನ್ನೂ 3 ಟನ್.

"ಸುಣ್ಣದ ತಿಳಿನೀರಿಗೆ ಊದಿದ್ರೆ ಬೆಳ್ಳಗಾಗತ್ತಲ್ಲ ಮಾಮ, ಹಾಗೇ ಕಾಂಕ್ರೀಟೂ ಗಾಳಿಯಿಂದ ಇಂಗಾಲ ವಾಪಸ್ ಹೀರ್ಕೊಳ್ಳಲ್ವಾ?" ಎಂದು ಅವಳು ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹೀರಿಕೊಳ್ಳುತ್ತದೆ. ಸುಣ್ಣ ಬಳಿದ ಗೋಡೆ ದಿನ ಕಳೆದಂತೆ ಗಟ್ಟಿಯಾಗುವುದು ಹೀಗೇ. ಕಾಂಕ್ರೀಟಿನಲ್ಲಿ ಇದು ಮೇಲ್ಮೈಯಿಂದ ಒಳಗೆ ವರ್ಷಕ್ಕೆ ಒಂದಿಷ್ಟಿಷ್ಟೇ ಸಾಗುತ್ತದೆ. ಆದರೆ ಬೆಂಕಿಯ ಇಂಗಾಲ ಹೇಗೂ ವಾಪಸ್ ಬರುವುದಿಲ್ಲ. ಅಲ್ಲದೆ ಈ ಕ್ರಿಯೆ ಕಂಬಿಯವರೆಗೆ ತಲುಪಿದರೆ ಕಂಬಿಗೆ ತುಕ್ಕು ಹಿಡಿಯುವ ದಾರಿ ತೆರೆದುಕೊಳ್ಳುತ್ತದೆ. ತಾರಸಿಯ ಮಟ್ಟಿಗೆ ಅದನ್ನು ತಡೆಯಬೇಕೆಂದೇ ಕಂಬಿಯ ಕೆಳಗೆ ಕವರ್ ಎಂದು ಒಂದು ಪದರ ಕಾಂಕ್ರೀಟ್ ಬಿಡುವುದು. ಗೇಟಿನವರೆಗಿನ ಲೆಕ್ಕದಲ್ಲಿ ಹೀಗೆ ವಾಪಸ್ ಹೀರಿದ ಇಂಗಾಲಕ್ಕೆ ಜಾಗವಿಲ್ಲ.

ಎರಡನೇ ಸಂಜೆ ಲೆಕ್ಕ ಮುಗಿಯುವ ಹೊತ್ತಿಗೆ ಪಕ್ಕದ ಮನೆಯವರು ಬಂದು, ಮೇಲಿನ ಮಹಡಿಗೆ 6 ಇಂಚು ಹಾಕಿಸಿ, ಗಟ್ಟಿಯಾಗಿರುತ್ತದೆ ಎಂದರು. ಅಕ್ಕನ ಮಗಳು ಪುಸ್ತಕದಲ್ಲಿ ಅಲ್ಲೇ ಬರೆದಳು. 1000 ಚದರ ಅಡಿಗೆ ಒಂದು ಇಂಚು ಅಂದರೆ 2.36 ಘನ ಮೀಟರ್. 326ರಿಂದ ಗುಣಿಸಿದರೆ ಸುಮಾರು 770 ಕೆ.ಜಿ. ಒಂದು ಇಂಚಿಗೆ! ದಪ್ಪ ಎಷ್ಟಿರಬೇಕು ಅನ್ನುವುದನ್ನು ಗೋಡೆಯಿಂದ ಗೋಡೆಗೆ ಇರುವ ಅಂತರ ನೋಡಿ ಎಂಜಿನಿಯರ್ ಹೇಳುತ್ತಾರೆ. ಅವರು 5 ಸಾಕು ಎಂದು ಬರೆದುಕೊಟ್ಟಿದ್ದರು. ಅಕ್ಕ 5 ಇಂಚಿಗೇ ಒಪ್ಪಿದಳು.

ಮೇಲಿನ ಮಹಡಿಯ ಮೋಲ್ಡಿಗೆ ಇನ್ನೂ ಒಂದೂವರೆ ತಿಂಗಳಿದೆ. ಪ್ಲಾಂಟಿಗೆ ಫೋನ್ ಮಾಡಿ ಕೇಳಬೇಕಾದದ್ದನ್ನು ಅವಳು ಬರೆದಿಟ್ಟಿದ್ದಾಳೆ: ಘನ ಮೀಟರಿಗೆ ಸಿಮೆಂಟು ಎಷ್ಟು ಕೆ.ಜಿ., ಅದರಲ್ಲಿ ಕಿಟ್ಟ ಅಥವಾ ಬೂದಿ ಎಷ್ಟು, ಸಿಮೆಂಟು ಯಾವ ಊರಿನಿಂದ ಬರುತ್ತದೆ, 28 ದಿನದ ಕ್ಯೂಬ್ ಪರೀಕ್ಷೆಯಲ್ಲಿ ಬಂದ ಅಂಕಿ ಎಷ್ಟು. ಕೆಳಗೆ ತನಗೇ ಒಂದು ಸಾಲು ಸೇರಿಸಿಕೊಂಡಿದ್ದಾಳೆ, 10 ದಿನ ಬೆಳಗ್ಗೆ ಸಂಜೆ ನೀರು ಹೊಡೆಯೋದು ನಾನು.